39 ಮೀಟರ್ ಗಾಳಿ, ಎರಡು ಕೋಡ್: ಒಂದು ಪೈಪ್ ರ‍್ಯಾಕ್‌ನ ಪ್ರಕರಣ

ಹಿನ್ನೆಲೆ

ಮಂಗಳೂರಿನ ಹೊರವಲಯದಲ್ಲಿ ಒಂದು ಕಾರ್ಖಾನೆ. ಮಾಲೀಕ ಕಂಪನಿ ಹೊರದೇಶದ್ದು, ವಿನ್ಯಾಸ ಬೆಂಗಳೂರಿನ ಒಂದು ಸ್ಟ್ರಕ್ಚರಲ್ ಕಚೇರಿಯದ್ದು, ಕಟ್ಟುವವರು ಮಂಗಳೂರಿನವರೇ ಆದ ಗುತ್ತಿಗೆದಾರರು. ಲೆಕ್ಕಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಹೊರಗಿನವನಾಗಿ ನನ್ನನ್ನು ಕರೆದಿದ್ದರು. ಗುರುತು ಸಿಗಬಾರದೆಂದು ಕೆಲವು ಅಳತೆಗಳನ್ನು ಬದಲಿಸಿದ್ದೇನೆ, ಲೆಕ್ಕ ಹಿಂಬಾಲಿಸಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಅವುಗಳ ನಡುವಿನ ಸಂಬಂಧ ಮಾತ್ರ ಇದ್ದಂತೆಯೇ ಇದೆ.

ಕಟ್ಟಡವೆಂದರೆ ಕಟ್ಟಡವಲ್ಲ, ಪೈಪ್ ರ‍್ಯಾಕ್. 6 ಮೀಟರ್ ಅಂತರದಲ್ಲಿ ಎರಡು ಕಾಂಕ್ರೀಟ್ ಕಾಲಂ, ಅವುಗಳ ನಡುವೆ ಮೂರು ಹಂತದಲ್ಲಿ ಬೀಮ್, ಬೀಮ್ ಮೇಲೆ ಪೈಪು ಮತ್ತು ಕೇಬಲ್ ಟ್ರೇ. ಇಂಥ ಫ್ರೇಮ್‌ಗಳು ಸಾಲಾಗಿ ನಿಂತಿರುತ್ತವೆ. ಕರಾವಳಿಯ ಮಳೆಯ ಎರಚಲು ಕೇಬಲ್‌ಗಳಿಗೆ ಬಡಿಯಬಾರದೆಂದು ಸಮುದ್ರದ ಕಡೆಗೆ ತಗಡು ಹೊದೆಸಲು ಹೇಳಿದ್ದರು. ಸ್ಲ್ಯಾಬ್ ಇಲ್ಲ, ಗೋಡೆ ಇಲ್ಲ, ಹಾಗಾಗಿ ಸ್ವಂತ ತೂಕ ಕಡಿಮೆ. ತಗಡಿನಿಂದಾಗಿ ಗಾಳಿ ಜಾಸ್ತಿ. ಮನೆ, ಕಚೇರಿಗಳಲ್ಲಿ ಯಾರೂ ಎರಡನೇ ಬಾರಿ ನೋಡದ ಲೋಡ್ ಕಾಂಬಿನೇಶನ್‌ಗಳು (ಒಟ್ಟಿಗೆ ಬರಬಹುದಾದ ಭಾರಗಳನ್ನು ಸುರಕ್ಷತೆಯ ಅಂಕಿಯಿಂದ, ಅಂದರೆ ಫ್ಯಾಕ್ಟರ್‌ನಿಂದ, ಗುಣಿಸಿ ಕೂಡಿಸುವುದು) ಇಂಥ ಕಡೆಯೇ ತಲೆ ಎತ್ತುವುದು.

ಮಾಲೀಕರ ವಿನ್ಯಾಸ ನಿಯಮಾವಳಿಯಲ್ಲಿ ಒಂದು ಸಾಲಿತ್ತು: ಕಾಂಕ್ರೀಟ್ ವಿನ್ಯಾಸ ಎಸಿಐ 318-14ರ (ಅಮೆರಿಕದ ಕಾಂಕ್ರೀಟ್ ಕೋಡ್‌ನ 2014ರ ಆವೃತ್ತಿ) ಪ್ರಕಾರ, ಗಾಳಿ ಮತ್ತು ಭೂಕಂಪದ ಭಾರ ಸ್ಥಳೀಯ ಕೋಡ್‌ಗಳ ಪ್ರಕಾರ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಓದುವಾಗ ತೀರಾ ಸಹಜವಾಗಿ ಕಾಣುವ ವಾಕ್ಯ, ಅಮೆರಿಕಕ್ಕೆ ಮಂಗಳೂರಿನ ಗಾಳಿ ಹೇಗೆ ಗೊತ್ತಿರಬೇಕು? ಮುಂದೆ ಆದದ್ದರಲ್ಲಿ ಮುಕ್ಕಾಲು ಪಾಲು ಈ ಸಾಲಿನಿಂದ ಹುಟ್ಟಿದ್ದು. ಇದರ ಜೊತೆಗೆ ಇಲ್ಲಿನ ಅನುಮತಿಗಾಗಿ ಭಾರತದ ಕಾಂಕ್ರೀಟ್ ಕೋಡ್ ಐಎಸ್ 456ರ ಪ್ರಕಾರವೂ ಒಂದು ಲೆಕ್ಕ ಕೊಡಬೇಕಿತ್ತು. ಕಚೇರಿಯವರು ಒಂದೇ ಮಾದರಿಯನ್ನು ಸಾಫ್ಟ್‌ವೇರ್‌ನಲ್ಲಿ ಎರಡು ಸಲ ಓಡಿಸಿದರು, ಒಮ್ಮೆ ಅಮೆರಿಕದ ಕಾಂಬಿನೇಶನ್ ಪಟ್ಟಿಯೊಂದಿಗೆ, ಇನ್ನೊಮ್ಮೆ ಭಾರತದ್ದರೊಂದಿಗೆ. ನಕ್ಷೆ ಹೊರಟದ್ದು ಅಮೆರಿಕದ ಲೆಕ್ಕದಿಂದ.

ಮೇಜಿಗೆ ಬಂದ ಹೋಲಿಕೆ ಪಟ್ಟಿ

ಕಚೇರಿಯ ಕಿರಿಯ ಎಂಜಿನಿಯರ್ ಒಬ್ಬರು ಲೆಕ್ಕದ ಜೊತೆಗೆ ತಾವಾಗಿಯೇ ಒಂದು ಹೋಲಿಕೆ ಪಟ್ಟಿ ಮಾಡಿ ಕಳಿಸಿದ್ದರು. ಒಳ್ಳೆಯ ಕೆಲಸ. ಯಾರೂ ಕೇಳಿರಲಿಲ್ಲ. ಅದರ ಕೊನೆಯ ಸಾಲು ಹೀಗಿತ್ತು: "ಗಾಳಿ ಪ್ರಧಾನವಾದಲ್ಲಿ ಅಮೆರಿಕದ ಕೋಡ್‌ನಿಂದ ಕಾಲಂ ಬುಡದ ಮೊಮೆಂಟ್ ಮೂರನೇ ಒಂದು ಭಾಗ ಉಳಿತಾಯ." ಮೊಮೆಂಟ್ ಎಂದರೆ ಬಾಗಿಸುವ ಪರಿಣಾಮ, ಬಲವನ್ನು ದೂರದಿಂದ ಗುಣಿಸಿದ್ದು. ಪಟ್ಟಿಯ ಅಂಕಿಗಳೆಲ್ಲ ಕೋಡ್ ಪುಸ್ತಕದಲ್ಲಿ ಇದ್ದವೇ. ಐಎಸ್ 456ರ 18ನೇ ಕೋಷ್ಟಕದಲ್ಲಿ ಡೆಡ್ (ಸದಾ ಇರುವ ತೂಕ) ಮತ್ತು ಲೈವ್ (ಬಂದುಹೋಗುವ ಭಾರ) ಲೋಡ್ ಎರಡಕ್ಕೂ 1.5; ಗಾಳಿಯೊಂದಿಗೆ 1.5 ಡೆಡ್ + 1.5 ಗಾಳಿ, ಮೂರೂ ಸೇರಿದರೆ ಎಲ್ಲಕ್ಕೂ 1.2, ಮಗುಚುವ ಭಯವಿದ್ದರೆ 0.9 ಡೆಡ್ + 1.5 ಗಾಳಿ. ಎಸಿಐ 318-14ರಲ್ಲಿ 1.4 ಡೆಡ್, 1.2 ಡೆಡ್ + 1.6 ಲೈವ್, 1.2 ಡೆಡ್ + 1.0 ಗಾಳಿ + 1.0 ಲೈವ್, 0.9 ಡೆಡ್ + 1.0 ಗಾಳಿ. ಒಂದು ಕಡೆ 1.5, ಇನ್ನೊಂದು ಕಡೆ 1.0. ಉಳಿತಾಯ ಕಣ್ಣಿಗೆ ಹೊಡೆಯುವಂತಿತ್ತು.

ಲೈವ್ ಲೋಡ್‌ನ ಭಾಗವನ್ನು ಮೊದಲು ನೋಡಿದೆ, ಏಕೆಂದರೆ ಅಲ್ಲಿ ಹೋಲಿಕೆ ನೇರ. ಮೀಟರಿಗೆ 20 ಕಿಲೋನ್ಯೂಟನ್ ಡೆಡ್, 10 ಲೈವ್ ಇರುವ ಬೀಮ್ ತೆಗೆದುಕೊಳ್ಳಿ. ಐಎಸ್ ಪ್ರಕಾರ 45. ಎಸಿಐ ಪ್ರಕಾರ 40. ಬ್ರಿಟನ್ನಿನ ಹಳೆಯ ಬಿಎಸ್ 8110ರಲ್ಲಿ 1.4 ಮತ್ತು 1.6, ಅಂದರೆ 44. ಯೂರೋಕೋಡ್‌ನ ಮೂಲ ಸಮೀಕರಣದಲ್ಲಿ 1.35 ಮತ್ತು 1.5, ಅಂದರೆ 42. ಇಷ್ಟು ನೋಡಿ ನಮ್ಮದು ದುಬಾರಿ ಎಂದು ತೀರ್ಮಾನಿಸುವುದು ಸುಲಭ. ಆದರೆ ಡೆಡ್ 10, ಲೈವ್ 30 ಎಂದಿಡಿ, ಐಎಸ್ ಮತ್ತು ಎಸಿಐ ಎರಡೂ 60ಕ್ಕೆ ನಿಲ್ಲುತ್ತವೆ. ಲೈವ್ ಲೋಡ್ ಡೆಡ್‌ನ ಮೂರು ಪಟ್ಟು ದಾಟಿದರೆ ಅಮೆರಿಕದ ಮೊತ್ತವೇ ಮೇಲಾಗುತ್ತದೆ. ಬಿಎಸ್ 8110ರ ಜೊತೆ ಈ ದಾಟು ಬಿಂದು ಎರಡೂ ಸಮವಿದ್ದಾಗ. ಯೂರೋಕೋಡ್‌ನ ಈ ಮೊತ್ತ ಮಾತ್ರ ಐಎಸ್ ಅನ್ನು ಎಂದೂ ಮೀರದು. ಎಸಿಐನ 2002ರ ಆವೃತ್ತಿಗೆ ಮುಂಚಿನ 1.4 ಮತ್ತು 1.7 ಹಿಡಿದರೆ ಮೊದಲ ಉದಾಹರಣೆಯ ಬೀಮ್‌ಗೂ ಸರಿಯಾಗಿ 45 ಬರುತ್ತದೆ. ಪೈಪು, ಗೋದಾಮುಗಳಂಥ ಭಾರೀ ಲೈವ್ ಲೋಡ್ ಇರುವಲ್ಲಿ "ಯಾವ ಕೋಡ್ ಅಗ್ಗ" ಎಂಬ ಪ್ರಶ್ನೆಗೆ ಕಟ್ಟಡ ನೋಡದೆ ಉತ್ತರವಿಲ್ಲ.

ಇದು ಭಾರದ ಬದಿ ಮಾತ್ರ. ಬಲದ ಬದಿಯಲ್ಲಿ ನಮ್ಮ ಕೋಡ್ ಕಾಂಕ್ರೀಟ್‌ಗೆ 1.5, ಕಂಬಿಗೆ 1.15ರಿಂದ ಭಾಗಿಸುತ್ತದೆ. ಎಸಿಐ ಹಾಗೆ ವಸ್ತುವನ್ನು ಬೇರೆ ಮಾಡದೆ ಇಡೀ ಅಡ್ಡಛೇದದ ಬಲವನ್ನು ಒಂದು ಫೈ ಅಂಶದಿಂದ ತಗ್ಗಿಸುತ್ತದೆ: ಕಂಬಿ ಮೊದಲು ಎಳೆತದಲ್ಲಿ ಸೋಲುವ ಬೀಮ್‌ಗೆ 0.9, ಸಾಮಾನ್ಯ ರಿಂಗ್ ಕಟ್ಟಿದ ಒತ್ತಡದ ಕಾಲಂಗೆ 0.65. ಕಾಲಂನಲ್ಲಿ ಇದರ ಪರಿಣಾಮ ಜೋರು. ಐಎಸ್ ಸೂತ್ರದಲ್ಲಿ ಕಾಂಕ್ರೀಟ್‌ನ ಪಾಲು 0.4 ಎಫ್‌ಸಿಕೆ (ಘನಾಕೃತಿ ಮಾದರಿಯ ಬಲ), ಕಂಬಿಯದ್ದು 0.67 ಎಫ್‌ವೈ (ಕಂಬಿ ಮತ್ತೆ ಮರಳದಂತೆ ಹಿಗ್ಗತೊಡಗುವ ಬಲ). ಎಸಿಐನ ಗರಿಷ್ಠ ನೇರ ಭಾರದ ಸೂತ್ರವನ್ನು ಬಿಡಿಸಿದರೆ ಕಾಂಕ್ರೀಟ್‌ಗೆ 0.442, ಕಂಬಿಗೆ 0.52. ಆ 0.442 ಸಿಲಿಂಡರ್ ಬಲದ (ಸಿಲಿಂಡರ್ ಆಕಾರದ ಮಾದರಿಯಲ್ಲಿ ಅಳೆದ ಬಲ) ಮೇಲೆ. ಸಿಲಿಂಡರ್ ಬಲ ನಮ್ಮ ಘನದ ಬಲದ ಸುಮಾರು 0.8 ಎಂದರೆ 0.35ಕ್ಕೆ ಇಳಿಯುತ್ತದೆ. ಒತ್ತಡದ ಕಾಲಂನಲ್ಲಿ ಅಮೆರಿಕದ ಕೋಡ್ ಎರಡೂ ಲೆಕ್ಕದಲ್ಲಿ ನಮಗಿಂತ ಬಿಗಿ. (ಸಾಫ್ಟ್‌ವೇರ್‌ನ ಸಿಲಿಂಡರ್ ಬಲದ ಜಾಗದಲ್ಲಿ ಎಂ30 ಕಾಂಕ್ರೀಟ್‌ನ ಘನದ ಬಲ 30 ಎಂದೇ ತುಂಬಿದ್ದು ಇದೇ ಹೊತ್ತಿಗೆ ಕಂಡಿತು. 24ರ ಆಸುಪಾಸು ಇರಬೇಕಿತ್ತು. ಈ ಪ್ರಕರಣದಲ್ಲಿ ಅದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ, ತಿದ್ದಿ ಮುಂದೆ ಹೋದೆವು.)

ಹಾಗಿದ್ದಾಗ ಗಾಳಿಯಲ್ಲಿ ಮಾತ್ರ ಮೂರನೇ ಒಂದು ಭಾಗ ಉಳಿತಾಯ ಎಲ್ಲಿಂದ ಬಂತು?

ಯಾವ ಗಾಳಿ

ಗಾಳಿಯ ಭಾರದ ಭಾರತೀಯ ಕೋಡ್, ಅಂದರೆ ಐಎಸ್ 875ರ 3ನೇ ಭಾಗ, 2015ರ ಆವೃತ್ತಿ, ಮಂಗಳೂರಿಗೆ ಕೊಡುವ ಮೂಲ ವೇಗ ಸೆಕೆಂಡಿಗೆ 39 ಮೀಟರ್. 10 ಮೀಟರ್ ಎತ್ತರದಲ್ಲಿ, 3 ಸೆಕೆಂಡಿನ ಬೀಸಿಗೆ, 50 ವರ್ಷಕ್ಕೊಮ್ಮೆ ಮರಳುವ ಗಾಳಿ. ಚಂಡಮಾರುತದ ಹೆಚ್ಚುವರಿ ಅಂಶ ಪೂರ್ವ ಕರಾವಳಿಗೆ ಮತ್ತು ಗುಜರಾತಿಗೆ. ನಮ್ಮ ಕರಾವಳಿಗೆ ಅದು 1.0. ಈ 39 ಒಂದು ದಿನ ನಿಜಕ್ಕೂ ಬೀಸಬಹುದಾದ ಗಾಳಿ. ಅದಕ್ಕೂ ಮೀರಿದ್ದನ್ನು 1.5 ನೋಡಿಕೊಳ್ಳುತ್ತದೆ.

ಅಮೆರಿಕದವರೂ ಮೊದಲು ಹಾಗೇ ಮಾಡುತ್ತಿದ್ದರು. ಅಲ್ಲಿನ ಭಾರಗಳ ಕೋಡ್ ಎಎಸ್‌ಸಿಇ 7ರ 2005ರ ಆವೃತ್ತಿಯಲ್ಲಿ ಗಾಳಿಗೆ 1.6 ಇತ್ತು. 2010ರಲ್ಲಿ ಅವರು ಫ್ಯಾಕ್ಟರ್ ಅನ್ನು ಗಾಳಿ ವೇಗದ ನಕ್ಷೆಯೊಳಕ್ಕೇ ಸೇರಿಸಿಬಿಟ್ಟರು. ಸಾಮಾನ್ಯ ಕಟ್ಟಡಗಳ ನಕ್ಷೆ 700 ವರ್ಷಕ್ಕೊಮ್ಮೆ ಮರಳುವ ವೇಗವನ್ನು ಕೊಡತೊಡಗಿತು, ಕಾಂಬಿನೇಶನ್‌ನಲ್ಲಿ 1.6 ಹೋಗಿ 1.0 ಬಂತು. ಎಸಿಐ 318 ತನ್ನ 2011ರ ಆವೃತ್ತಿಯಲ್ಲಿ ಇದನ್ನು ಅನುಸರಿಸಿತು. ಹಾಗಾಗಿ 318-14ರ 1.0 ಎಂಬ ಅಂಕಿ ಆ ಹೊಸ ನಕ್ಷೆಯ ಗಾಳಿಗೆ ಮಾತ್ರ ಸಲ್ಲುತ್ತದೆ. 50 ವರ್ಷದ ಗಾಳಿಯನ್ನು ಅದರ ಪಕ್ಕ ಕೂರಿಸಿದರೆ ಸುರಕ್ಷತೆಯ ಅಂಶವೇ ಮಾಯ. 39 ಮೀಟರ್ ಗಾಳಿಯನ್ನು 1.0ರ ಜೊತೆ ಬಳಸಬೇಕಾದರೆ ವೇಗವನ್ನು 1.6ರ ವರ್ಗಮೂಲದಿಂದ ಗುಣಿಸಿ ಸುಮಾರು 49.3 ಮೀಟರ್ ಎಂದು ತುಂಬಬೇಕು. ದಿಕ್ಕಿನ ಅಂಶ ಎರಡೂ ಕೋಡ್‌ಗಳಲ್ಲಿದೆ, ನಮ್ಮಲ್ಲಿ 0.9, ಅಲ್ಲಿ 0.85, ಆದ್ದರಿಂದ ಪೂರ್ತಿ 1.6 ಹಿಡಿಯುವುದು ಸರಿಯೇ.

"ಸ್ಥಳೀಯ ಗಾಳಿ, ಅಮೆರಿಕದ ವಿನ್ಯಾಸ" ಎಂಬ ಸಾಲು ಈ ಎರಡನ್ನು ಒಂದಕ್ಕೊಂದು ಹೊಲಿದುಬಿಟ್ಟಿತ್ತು. ಭೂಕಂಪಕ್ಕೂ ಇದೇ ಕಥೆ: ಭಾರತದ ಭೂಕಂಪ ಕೋಡ್ ಐಎಸ್ 1893ರ ಬಲಕ್ಕೆ 1.5 ಹಾಕಬೇಕು, ಅಮೆರಿಕದ ಬಲಕ್ಕೆ 1.0. ರ‍್ಯಾಕ್ ಹಗುರವಾದ್ದರಿಂದ, ಮಂಗಳೂರು ಮೂರನೇ ವಲಯದಲ್ಲಿದ್ದರೂ, ಇಲ್ಲಿ ಗಾಳಿಯೇ ಆಳಿತು.

ಅಂಕಿಗಳಲ್ಲಿ ಹೇಳುವುದಾದರೆ, ಫ್ಯಾಕ್ಟರ್ ಹಾಕದ ಗಾಳಿಯಿಂದ ಪ್ರತಿ ಕಾಲಂ ಬುಡದಲ್ಲಿ 140 ಕಿಲೋನ್ಯೂಟನ್-ಮೀಟರ್ ಮೊಮೆಂಟ್. ಐಎಸ್ ಇದನ್ನು 210 ಮಾಡುತ್ತದೆ, ಸರಿಯಾದ ಅಮೆರಿಕದ ಲೆಕ್ಕ 224, ಐಎಸ್ ಗಾಳಿಗೆ ಅಮೆರಿಕದ 1.0 ಹಾಕಿದ ಬೆರಕೆ ಲೆಕ್ಕ 140. ಬಲದ ಬದಿಯನ್ನೂ ಸೇರಿಸಿ: ಐಎಸ್‌ನಲ್ಲಿ 210ನ್ನು ಕಂಬಿಯ 1.15ರಿಂದ ಗುಣಿಸಿದರೆ ಅಡ್ಡಛೇದಕ್ಕೆ ಇರಬೇಕಾದ ನಿಜವಾದ ಬಲ ಸುಮಾರು 241. ಎಸಿಐನಲ್ಲಿ 224ನ್ನು 0.9ರಿಂದ ಭಾಗಿಸಿದರೆ 249. ಎರಡು ಖಂಡಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಬೇರೆ ದಾರಿ ಹಿಡಿದ ಕೋಡ್‌ಗಳು ಹೆಚ್ಚುಕಡಿಮೆ ಒಂದೇ ಕಾಲಂಗೆ ಬಂದು ನಿಲ್ಲುತ್ತವೆ. ಬೆರಕೆ ಲೆಕ್ಕ ಕೊಟ್ಟದ್ದು 156. ಅದು ಯಾವ ಕೋಡಿನದ್ದೂ ಅಲ್ಲ.

ಹಾಗಿದ್ದರೂ ಐಎಸ್ ಓಟ ಏಕೆ ಕೂಗಲಿಲ್ಲ

ಇಲ್ಲಿಯವರೆಗಿನದ್ದು ಅರ್ಧ ಕಥೆ. ಅನುಮತಿಗಾಗಿ ಮಾಡಿದ ಐಎಸ್ ಓಟದಲ್ಲಿ 0.9 ಡೆಡ್ + 1.5 ಗಾಳಿ ಇತ್ತಲ್ಲ, ಅದರಲ್ಲಿ ಕಾಲಂ ಮೇಲಕ್ಕೆ ಎಳೆಯುವುದು ಏಕೆ ಕಾಣಲಿಲ್ಲ? ಕಚೇರಿಯ ಹಿರಿಯರು ನನ್ನನ್ನು ಕೇಳಿದ್ದೂ ಇದನ್ನೇ, ಸ್ವಲ್ಪ ಸವಾಲಿನ ದನಿಯಲ್ಲಿ.

ಉತ್ತರ ಡೆಡ್ ಲೋಡ್ ಎಂಬ ಡಬ್ಬಿಯೊಳಗಿತ್ತು. ಪ್ರತಿ ಕಾಲಂ ಮೇಲೆ ಕಾಂಕ್ರೀಟ್ ಮತ್ತು ಖಾಲಿ ಪೈಪು ಸೇರಿ 180 ಕಿಲೋನ್ಯೂಟನ್, ಪೈಪಿನೊಳಗಿನ ದ್ರವ 70. ಮಾದರಿಯಲ್ಲಿ ಎರಡನ್ನೂ ಸೇರಿಸಿ 250 ಎಂದು ಡೆಡ್‌ನಲ್ಲಿ ಹಾಕಿದ್ದರು. ಅಡ್ಡ ಗಾಳಿ ಫ್ರೇಮ್ ಅನ್ನು ಮಗುಚಲು ನೋಡುವಾಗ, ಗಾಳಿ ಬರುವ ಕಡೆಯ ಕಾಲಂ ಅನ್ನು ಎತ್ತುವುದು 130ರಷ್ಟು. 250ರ 0.9 ಎಂದರೆ 225, ಅದರಿಂದ 195 ಕಳೆದರೆ 30 ಕೆಳಮುಖವಾಗಿ ಉಳಿಯುತ್ತದೆ. ಅಪ್‌ಲಿಫ್ಟ್ ಇಲ್ಲ, ಪರದೆಯ ಮೇಲೆ ಎಲ್ಲ ಹಸಿರು. ಆದರೆ ಗಾಳಿ ಬೀಸುವ ದಿನ ಕಾರ್ಖಾನೆ ನಿಂತು ಪೈಪು ಖಾಲಿ ಇದ್ದರೆ? ಮಳೆಗಾಲದಲ್ಲೇ ದುರಸ್ತಿಗೆಂದು ನಿಲ್ಲಿಸುವವರು ಎಷ್ಟು ಮಂದಿ ಇಲ್ಲ! ಆಗ 180ರ 0.9 ಎಂದರೆ 162, 195 ಕಳೆದರೆ 33 ಮೇಲಕ್ಕೆ.

ಐಎಸ್ 456ರ ಕೋಷ್ಟಕ ದ್ರವದ ಬಗ್ಗೆ ಬೇರೆ ಏನೂ ಹೇಳುವುದಿಲ್ಲ. ಅದು ಮೂಲತಃ ಕಟ್ಟಡಗಳಿಗೆ ಬರೆದ ಪಟ್ಟಿ, ಡೆಡ್ ಎಂದರೇನೆಂದು ವಿನ್ಯಾಸಕಾರನೇ ಯೋಚಿಸಬೇಕು. ಎಎಸ್‌ಸಿಇ 7 ದ್ರವಕ್ಕೆ ಬೇರೆಯೇ ಅಕ್ಷರ ಇಟ್ಟಿದೆ. ಡೆಡ್‌ಗೆ ಇರುವ ಫ್ಯಾಕ್ಟರ್ ಅನ್ನೇ ಅದಕ್ಕೂ ಕೊಡುತ್ತದೆ, ಆದರೆ 0.9 ಡೆಡ್ + ಗಾಳಿ ಕಾಂಬಿನೇಶನ್‌ನಿಂದ ಅದನ್ನು ಹೊರಗಿಡುತ್ತದೆ. ಅಮೆರಿಕದ ಕೋಡ್ ಬಳಸಿಯೂ ಅದರ ಈ ಒಳ್ಳೆಯ ಪಾಠವನ್ನು ಯಾರೂ ಗಮನಿಸಿರಲಿಲ್ಲ ಎಂಬುದು ನನಗೆ ಸ್ವಲ್ಪ ಬೇಸರ ತಂದ ಸಂಗತಿ.

ಖಾಲಿ ಪೈಪಿನ ಇದೇ ಕಾಲಂ ಅನ್ನು ಬೇರೆ ಬೇರೆ ಕೋಡ್‌ಗಳ ಮುಂದೆ ನಿಲ್ಲಿಸಿದೆವು. ಐಎಸ್: 33 ಮೇಲಕ್ಕೆ. 1.6 ಹಾಕಿದ ಅಮೆರಿಕದ ಲೆಕ್ಕ: 46 ಮೇಲಕ್ಕೆ. ಯೂರೋಕೋಡ್‌ನ ಸಮತೋಲನದ ಪರೀಕ್ಷೆ, ಅಂದರೆ 0.9 ಮತ್ತು 1.5: 33 ಮೇಲಕ್ಕೆ. ಅದೇ ಯೂರೋಕೋಡ್‌ನ ಬಲದ ಪರೀಕ್ಷೆಯಲ್ಲಿ ಅನುಕೂಲಕರ ಡೆಡ್‌ಗೆ 1.0, ಹಾಗಾಗಿ 15 ಮೇಲಕ್ಕೆ. ಬಿಎಸ್ 8110ರಲ್ಲಿ 1.0 ಡೆಡ್, 1.4 ಗಾಳಿ: ಬರೀ 2 ಮೇಲಕ್ಕೆ. ಬೆರಕೆ ಲೆಕ್ಕ: 32 ಕೆಳಕ್ಕೆ. ಪ್ರಮಾಣದಲ್ಲಿ ಜಗಳವಿದ್ದರೂ ದಿಕ್ಕಿನಲ್ಲಿ ನಾಲ್ಕು ಕೋಡ್‌ಗಳೂ ಒಮ್ಮತದಲ್ಲಿದ್ದವು. ಹೊರತಾಗಿ ನಿಂತದ್ದು ಕೋಡ್ ಅಲ್ಲದ ಆ ಒಂದು ಲೆಕ್ಕ. ಸಭೆಯಲ್ಲಿ ಚರ್ಚೆ ತಿರುಗಿದ್ದು ಈ ಸಾಲನ್ನು ಬಿಳಿಹಲಗೆಯ ಮೇಲೆ ಬರೆದಾಗ. ಅದಕ್ಕೂ ಮುಂಚಿನ ಮಾತೆಲ್ಲ "ನಿಮ್ಮ ಕೋಡ್, ನಮ್ಮ ಕೋಡ್" ಎಂದೇ ಸಾಗಿತ್ತು.

ಫೂಟಿಂಗ್

33 ಕಿಲೋನ್ಯೂಟನ್ ಎಳೆತ ಕಂಬಿಗೆ ಏನೂ ಅಲ್ಲ. ತೊಂದರೆ ಕೆಳಗಿತ್ತು. ಫೂಟಿಂಗ್, ಅಂದರೆ ಕಾಲಂ ನಿಲ್ಲುವ ಕಾಂಕ್ರೀಟ್ ಪಾದ, 2.4 ಮೀಟರ್ ಚೌಕ, ಅದರ ಮತ್ತು ಮೇಲಿನ ಮಣ್ಣಿನ ತೂಕ ಸುಮಾರು 196 ಕಿಲೋನ್ಯೂಟನ್. ಮೊದಲ ಬೆರಕೆ ಲೆಕ್ಕದಲ್ಲಿ ತಳಕ್ಕೆ ಬರುವ ಕೆಳಮುಖ ಭಾರ 271, ಮೊಮೆಂಟ್ 140. ಭಾರ ಮಧ್ಯದಿಂದ ಅರ್ಧ ಮೀಟರ್ ಸರಿಯುತ್ತದೆ, ಪಾದದೊಳಗೇ ಇರುತ್ತದೆ. ಸರಿಯಾದ ಐಎಸ್ ಲೆಕ್ಕದಲ್ಲಿ 196ರ 0.9 ಎಂದರೆ 176.4, ಅದರಿಂದ 33 ಕಳೆದು ಉಳಿಯುವುದು 143.4, ಮೊಮೆಂಟ್ 210. ಭಾಗಿಸಿದರೆ 1.46 ಮೀಟರ್. ಪಾದದ ಅಂಚು ಇರುವುದು 1.2 ಮೀಟರಿನಲ್ಲಿ, ಅಂದರೆ ಪಾದ ಮಗುಚುತ್ತದೆ. ಐಎಸ್ 456ರ ಮಗುಚುವ ಪರೀಕ್ಷೆಯ ಸ್ವಲ್ಪ ಸೌಮ್ಯವಾದ 1.4 ಹಿಡಿದರೂ 1.25 ಬರುತ್ತಿತ್ತು.

ಇದು ಮೊದಲೇ ಯಾರ ಕಣ್ಣಿಗೂ ಬೀಳದಿರಲು ಕಾರಣವಿದೆ. ಮಣ್ಣಿನ ಒತ್ತಡವನ್ನು ಎಲ್ಲರೂ ಫ್ಯಾಕ್ಟರ್ ಹಾಕದ ಭಾರದಲ್ಲಿ ನೋಡುತ್ತಾರೆ. ಖಾಲಿ ಪೈಪು ಹಿಡಿದರೂ ಅಲ್ಲಿ ಭಾರ 246, ಮೊಮೆಂಟ್ 140, ಸರಿತ 0.57 ಮೀಟರ್, ಒತ್ತಡ ಚದರ ಮೀಟರಿಗೆ ಸುಮಾರು 108 ಕಿಲೋನ್ಯೂಟನ್. ಮಣ್ಣಿನ ವರದಿ ಕೊಟ್ಟವರು ಸಂತೋಷದಿಂದ ಒಪ್ಪುವ ಅಂಕಿ. ಮೇಲಕ್ಕೆ ಎಳೆಯುವ ಗಾಳಿ ಒಂದೂವರೆ ಪಟ್ಟಾದಾಗ ಉಳಿಯುವ ಭಾರ ಒಂದೂವರೆ ಪಟ್ಟು ಬದಲಾಗುವುದಿಲ್ಲ, ಡೆಡ್‌ನ 0.9 ಸೇರಿ, 246ರಿಂದ 143.4ಕ್ಕೆ ಕುಸಿಯುತ್ತದೆ. ಎರಡು ದೊಡ್ಡ ಅಂಕಿಗಳ ವ್ಯತ್ಯಾಸದ ಮೇಲೆ ನಿಂತ ರಚನೆಯಲ್ಲಿ ಫ್ಯಾಕ್ಟರ್ ಅನ್ನು ಎಲ್ಲಿ ಹಾಕುತ್ತೀರಿ ಎಂಬುದೇ ಎಲ್ಲ.

ಹಿರಿಯರು ಸುಲಭಕ್ಕೆ ಬಿಡಲಿಲ್ಲ, ಅವರ ವಾದದಲ್ಲಿ ತಿರುಳೂ ಇತ್ತು. "ಫೂಟಿಂಗ್ ತಿರುಗಿದರೆ ಫ್ರೇಮ್ ಬೀಳುವುದಿಲ್ಲ. ಬುಡ ಪಿನ್ ಆಗುತ್ತದೆ, ಮೊಮೆಂಟ್ ಮೇಲಿನ ಬೀಮ್‌ಗೆ ಹೋಗುತ್ತದೆ, ಅಷ್ಟೇ." ನಿಜ. ಬುಡ ಪಿನ್ ಆದರೆ, ಅಂದರೆ ಕೀಲಿನಂತೆ ತಿರುಗಿದರೆ, ಗಾಳಿಯ ಎಳೆತ 130ರಿಂದ 177ಕ್ಕೆ ಏರುತ್ತದೆ, ಆಗಲೂ ಪಾದದ ತೂಕ ಅದನ್ನು ಹಿಡಿದಿಡುತ್ತದೆ. ಆದರೆ ಮೊದಲ ಹಂತದ ಬೀಮ್ 5 ಮೀಟರ್ ಎತ್ತರದಲ್ಲಿದೆ, ಪ್ರತಿ ಕಾಲಂನ ಅಡ್ಡಬಲ 53. ಬುಡ ಬಿಗಿಯಾಗಿದ್ದಾಗ ಆ ಕೂಡುಗಂಟಿಗೆ ಬರುತ್ತಿದ್ದುದು 125, ಪಿನ್ ಆದರೆ 265. ಎರಡು ಪಟ್ಟಿಗೂ ಮಿಗಿಲು. ಆ ಬೀಮ್ ಅದಕ್ಕೆ ಮಾಡಿದ್ದಲ್ಲ, ಪೈಪುಗಳನ್ನು ಜೋಡಿಸುವ ಫ್ಲ್ಯಾಂಜ್‌ಗಳು ಅಷ್ಟು ಓಲಾಟವನ್ನು ತಾಳುತ್ತವೆಂದು ಯಾರೂ ಬರೆದುಕೊಡಲು ತಯಾರಿರಲಿಲ್ಲ.

ತೆಗೆದುಕೊಂಡ ನಿರ್ಧಾರ

ಮೂರು ದಾರಿ ಮುಂದಿದ್ದವು. ಮೊದಲನೆಯದು, ಮಾಲೀಕರ ಕಡೆಯ ಎಂಜಿನಿಯರ್ ಸೂಚಿಸಿದ್ದು: ಎರಡೂ ಕೋಡ್‌ಗಳ ಎಲ್ಲ ಕಾಂಬಿನೇಶನ್‌ಗಳನ್ನು ಒಟ್ಟಿಗೆ ಹಾಕಿ, ಯಾವುದು ಕೆಟ್ಟದೋ ಅದಕ್ಕೆ ವಿನ್ಯಾಸ. ಕೇಳಲು ಅತಿ ಸುರಕ್ಷಿತ. ನಾನು ಬಲವಾಗಿ ವಿರೋಧಿಸಿದೆ. ನೂರಾರು ಸಾಲಿನ ಪಟ್ಟಿಯನ್ನು ಯಾರೂ ಓದುವುದಿಲ್ಲ. ಗಾಳಿಯ ಭಾರ ಒಂದೇ ಹೆಸರಿನಲ್ಲಿ ಎರಡೂ ಪಟ್ಟಿಗೆ ಹೋದರೆ ಅರ್ಧ ಸಾಲುಗಳು ಮತ್ತೆ ಬೆರಕೆಯೇ ಆಗುತ್ತವೆ. ಐಎಸ್ ಭಾರಕ್ಕೆ ಎಸಿಐ ಬಲ ಹಾಕಿದ ಕಾಲಂ ಎಷ್ಟು ಸುರಕ್ಷಿತವೆಂದು ಹೇಳಲು ಎರಡೂ ಪುಸ್ತಕಗಳಿಂದ ಆಗುವುದಿಲ್ಲ. ಎರಡನೆಯದು, ಗಾಳಿಯನ್ನು 49.3 ಮೀಟರಿಗೆ ಏರಿಸಿ ಪೂರ್ತಿ ಅಮೆರಿಕದ ಲೆಕ್ಕ. ತಾಂತ್ರಿಕವಾಗಿ ಸರಿ, ಆದರೆ ಭೂಕಂಪಕ್ಕೂ ಹಾಗೇ ಪರಿವರ್ತನೆ ಕಟ್ಟಬೇಕು, ಅನುಮತಿಗೆ ಐಎಸ್ ಹೇಗೂ ಬೇಕು.

ಕೊನೆಗೆ ಒಪ್ಪಿದ್ದು ಮೂರನೆಯದು. ಭಾರ, ಕಾಂಬಿನೇಶನ್, ಬಲ ಎಲ್ಲವೂ ಐಎಸ್. ಗಾಳಿ ಆಳುವ ಕಾಲಂ ಮತ್ತು ಫೂಟಿಂಗ್‌ಗೆ ಮಾತ್ರ 1.6ರೊಂದಿಗೆ ಪ್ರತ್ಯೇಕ ಎಸಿಐ ತಾಳೆ, ಬೇರೆ ಕಡತದಲ್ಲಿ. ಡೆಡ್ ಲೋಡ್ ಅನ್ನು ಖಾಲಿ, ಚಾಲನೆ, ನೀರಿನ ಪರೀಕ್ಷೆ (ಪೈಪಿಗೆ ನೀರು ತುಂಬಿ ನೋಡುವುದು) ಎಂದು ಮೂರಾಗಿ ಒಡೆಯುವುದು. ನಿಯಮಾವಳಿಯ ಸಾಲಿನಿಂದ ವಿನಾಯಿತಿ ಪತ್ರ ಬರಲು ಲೆಕ್ಕಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಅಷ್ಟರಲ್ಲಿ ಮೊದಲ ಕೆಲವು ಫ್ರೇಮ್‌ಗಳ ಫೂಟಿಂಗ್‌ಗೆ ಕಾಂಕ್ರೀಟ್ ಬಿದ್ದಿತ್ತು, ಕಾಲಂನ ಕಂಬಿ ಮೇಲೆ ನಿಂತಿತ್ತು. ಗುತ್ತಿಗೆದಾರರ ಫೋನು ಬಂತು: "ಎಂತ ಮಾರಾಯ್ರೆ, ಹಾಕಿದ ಫೂಟಿಂಗ್ ಒಡೀಬೇಕಾ ಈಗ?" ಒಡೆಯಬೇಕಾಗಲಿಲ್ಲ. ಹಾಕದಿದ್ದ ಕಡೆ ಎರಡು ಕಾಲಂಗೂ ಸೇರಿ ಒಂದೇ ಉದ್ದನೆಯ ಫೂಟಿಂಗ್ ಮಾಡಿದರು. 6 ಮೀಟರ್ ಅಂತರದ ಜೋಡಿಯೇ ಮೊಮೆಂಟ್ ಹೊರುವುದರಿಂದ ಸರಿತದ ಪ್ರಶ್ನೆ ಉಳಿಯಲಿಲ್ಲ. ಹಾಕಿದ್ದ ಕಡೆ ಫೂಟಿಂಗ್‌ನ ಸ್ವಲ್ಪ ಮೇಲೆ ಎರಡೂ ಕಾಲಂಗಳನ್ನು ಕೂಡಿಸುವ ಆಳವಾದ ಟೈ ಬೀಮ್. ಬುಡದ ಮೊಮೆಂಟ್ ಬಹುಪಾಲು ಅದಕ್ಕೆ ಹೋಗುತ್ತದೆ, ಪಾದಕ್ಕೆ ಉಳಿಯುವುದು ಮುಖ್ಯವಾಗಿ ನೇರ ಭಾರ. ಕಾಲಂಗೆ ಬೇಕಾದ ಹೆಚ್ಚುವರಿ ಕಂಬಿಯನ್ನು ದಪ್ಪ ಮಾಡಿದ ಪೆಡೆಸ್ಟಲ್ (ಕಾಲಂ ಬುಡದ ಗಿಡ್ಡ ಕಂಬ) ಮತ್ತು ಟೈ ಬೀಮ್‌ನ ಕೂಡುಗಂಟಿನೊಳಗೆ ಇಳಿಸಿ ಹಿಡಿಸಿದರು. ಆ ಗಂಟಿನಲ್ಲಿ ಕಂಬಿ ಎಷ್ಟು ಒತ್ತೊತ್ತಾಯಿತೆಂದರೆ ವೈಬ್ರೇಟರ್ ಸೂಜಿ ಇಳಿಯಲು ಜಾಗ ಬಿಡಿಸಲು ಕಂಬಿ ಕಟ್ಟುವವರ ಜೊತೆ ಕೂತು ನಕ್ಷೆ ತಿದ್ದಬೇಕಾಯಿತು.

ಹೋಲಿಕೆ ಪಟ್ಟಿ ಮಾಡಿದ್ದ ಎಂಜಿನಿಯರ್ ಅದನ್ನು ಎಸೆಯಲಿಲ್ಲ. ಪ್ರತಿ ಫ್ಯಾಕ್ಟರ್‌ನ ಪಕ್ಕ ಇನ್ನೆರಡು ಅಂಕಣ ಸೇರಿಸಿದರು, ಒಂದರಲ್ಲಿ ಆ ಭಾರದ ಮರಳುವ ಅವಧಿ, ಇನ್ನೊಂದರಲ್ಲಿ ಬಲದ ಬದಿಯ ಅಂಶ. ಆ ಕಚೇರಿಯ ಲೆಕ್ಕದ ಕಡತಗಳು ಈಗ ಆ ಪುಟದಿಂದ ಶುರುವಾಗುತ್ತವೆ. ನೀರಿನ ಪರೀಕ್ಷೆಯ ದಿನ ಎಷ್ಟು ಗಾಳಿ ಹಿಡಿಯಬೇಕು ಎಂಬ ಒಂದು ಸಾಲು ಮಾತ್ರ ಅದರಲ್ಲಿ ಇನ್ನೂ ಖಾಲಿಯಿದೆ. ಪೂರ್ತಿ ಹಿಡಿಯುವುದು ಅತಿಯಾಯಿತೆಂದು ಅವರು, ಪರೀಕ್ಷೆ ಯಾವ ತಿಂಗಳಲ್ಲೆಂದು ಬರೆದುಕೊಟ್ಟರೆ ಕಡಿಮೆ ಮಾಡೋಣವೆಂದು ನಾನು.